10, 11, 13: ಕ್ಯಾಲೆಂಡರ್ ಬದಲಾದಾಗ ಕಳೆದ ದಿನಗಳ ಲೆಕ್ಕ

ಯುರೋಪಿನ ಹಳೆ ಕ್ಯಾಲೆಂಡರಾದ ಜೂಲಿಯನ್ ಕ್ಯಾಲೆಂಡರಿನಲ್ಲಿ ಪ್ರತಿ ನಾಲ್ಕನೇ ವರ್ಷವೂ ಅಧಿಕ ವರ್ಷ. ಹಾಗಾಗಿ ಸರಾಸರಿ ವರ್ಷ 365.25 ದಿನ. ಆದರೆ ಋತುಗಳ ವರ್ಷ 365.2422 ದಿನ. ವ್ಯತ್ಯಾಸ ಬರೀ 11 ನಿಮಿಷ ಚಿಲ್ಲರೆ. ಸುಮಾರು 128 ವರ್ಷಕ್ಕೆ ಅದೇ ಒಂದು ದಿನವಾಗುತ್ತದೆ. ಇದನ್ನು ಸರಿಪಡಿಸಲು ಪೋಪ್ 13ನೇ ಗ್ರೆಗೊರಿ 1582ರಲ್ಲಿ 10 ದಿನ ತೆಗೆಸಿದರು. ಅಕ್ಟೋಬರ್ 4 ಗುರುವಾರ, ಮರುದಿನ ಅಕ್ಟೋಬರ್ 15 ಶುಕ್ರವಾರ. ತಾರೀಖು ಹಾರಿತು, ವಾರ ಹಾರಲಿಲ್ಲ.

ನನ್ನ ತಲೆ ತಿಂದದ್ದು ಆ 10. ಜೂಲಿಯಸ್ ಸೀಸರ್ ಈ ಪದ್ಧತಿ ತಂದದ್ದು ಕ್ರಿ.ಪೂ. 45ರಲ್ಲಿ. ಅಲ್ಲಿಂದ 1582ಕ್ಕೆ 1626 ವರ್ಷ. 128ರಿಂದ ಭಾಗಿಸಿ: 12.7. ಹಾಗಾದರೆ 13 ದಿನ ತೆಗೆಯಬೇಕಿತ್ತು, ಅಲ್ವಾ?

ಇಲ್ಲ. ಚರ್ಚಿಗೆ ಬೇಕಾಗಿದ್ದದ್ದು ಈಸ್ಟರ್ ಹಬ್ಬದ ಲೆಕ್ಕ ಸರಿಹೋಗುವುದು. ಆ ಲೆಕ್ಕ ಶುರುವಾಗುವುದು ಮಾರ್ಚ್ 21ರಿಂದ. ಕ್ರಿ.ಶ. 325ರಲ್ಲಿ ನೈಸಿಯಾ ಊರಿನಲ್ಲಿ ಚರ್ಚಿನ ಸಭೆ ನಡೆದ ಕಾಲಕ್ಕೆ ಹಗಲು ರಾತ್ರಿ ಸಮ ಇರುವ ದಿನ ಅದೇ ಎಂದು ಅವರು ಹಿಡಿದಿದ್ದರು. 1582ರ ಹೊತ್ತಿಗೆ ಆ ದಿನ ಮಾರ್ಚ್ 11ರ ಸುಮಾರಿಗೆ ಜಾರಿತ್ತು. ಅದನ್ನು ಮತ್ತೆ 21ಕ್ಕೆ ತಂದರೆ ಸಾಕಿತ್ತು. ಅಂದರೆ ಎಣಿಕೆ ಸೀಸರನಿಂದಲ್ಲ, 325ರಿಂದ. 1582ರಲ್ಲಿ 325 ಕಳೆದರೆ 1257. ಅದನ್ನು 128ರಿಂದ ಭಾಗಿಸಿದರೆ 9.8. ಅದೇ 10!

ಮುಂದಿನದು ಸುಲಭ. ಹೊಸ ನಿಯಮದಲ್ಲಿ 400ರಿಂದ ಭಾಗವಾಗದ ಶತಮಾನದ ವರ್ಷ ಅಧಿಕ ವರ್ಷವಲ್ಲ. 1600 ಎರಡರಲ್ಲೂ ಅಧಿಕ ವರ್ಷ, ಹಾಗಾಗಿ ಅಂತರ ಬೆಳೆಯಲಿಲ್ಲ. 1700, 1800, 1900 ಒಂದೊಂದು ದಿನ ಸೇರಿಸಿದವು. ಅದಕ್ಕೇ 1752ರಲ್ಲಿ ಬ್ರಿಟನ್ 11 ದಿನ ಬಿಟ್ಟಿತು: ಸೆಪ್ಟೆಂಬರ್ 2 ಆದ ಮೇಲೆ 14. ರಷ್ಯಾ 1918ರಲ್ಲಿ 13 ದಿನ ಬಿಟ್ಟಿತು: ಜನವರಿ 31 ಆದ ಮೇಲೆ ಫೆಬ್ರುವರಿ 14.

ಹಳೆ, ಹೊಸ ಕ್ಯಾಲೆಂಡರುಗಳ ಅಂತರ ಎಷ್ಟು ದಿನ ಎಂದು ತಿಳಿಯಲು ನನಗೆ ತುಂಬಾ ಇಷ್ಟವಾದ ಅಡ್ಡದಾರಿ: ಇಸವಿಯ ಮೊದಲ ಎರಡು ಅಂಕಿ ತಗೊಳ್ಳಿ. ಅದರ ಕಾಲು ಭಾಗ ಕಳೆಯಿರಿ (ಭಿನ್ನರಾಶಿ ಬಿಡಿ), ಆಮೇಲೆ 2 ಕಳೆಯಿರಿ. 1917ಕ್ಕೆ 19 − 4 − 2 = 13. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ ಹಳೆ ಲೆಕ್ಕದಲ್ಲಿ ಅಕ್ಟೋಬರ್ 25, ಹೊಸದರಲ್ಲಿ ನವೆಂಬರ್ 7. ಶತಮಾನದ ವರ್ಷದಲ್ಲಿ ಮಾತ್ರ ಫೆಬ್ರುವರಿ ಮುಗಿಯುವವರೆಗೆ ಹಿಂದಿನ ಅಂತರವೇ ಇರುತ್ತದೆ.

ಇಂಗ್ಲೆಂಡಿನ ಹಳೆ ತಾರೀಖುಗಳಲ್ಲಿ ಇಸವಿಯನ್ನೂ ನೋಡಿ. 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಅದರ ವಸಾಹತುಗಳಲ್ಲೂ ಹಾಗೇ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆ ಲೆಕ್ಕದಲ್ಲಿ 1731ರ ಫೆಬ್ರುವರಿ 11, ಹೊಸದರಲ್ಲಿ 1732ರ ಫೆಬ್ರುವರಿ 22.