ಒತ್ತಿದ ಪಿಸ್ಟನ್ ಹಿಂದೆ ಬಾರದಿದ್ದರೆ

ಮಳೆಗಾಲ ಮುಗಿದ ಮೇಲೆ ಪುತ್ತೂರಿನಿಂದ ಚಿಕ್ಕಮಗಳೂರಿಗೆ ಹೊರಟಿದ್ದೆ. ಮೂರು ತಿಂಗಳು ಕಾರು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು. ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಯಾಕೋ ಜಾಸ್ತಿ ಕಷ್ಟಪಡುತ್ತಿದೆ ಅನ್ನಿಸಿತು. ಏರು ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡೆ. ಕೊಟ್ಟಿಗೆಹಾರದಲ್ಲಿ ಚಹಾಕ್ಕೆಂದು ಇಳಿದರೆ ಸುಟ್ಟ ವಾಸನೆ. ಎಡಗಡೆಯ ಮುಂದಿನ ಚಕ್ರದ ಹತ್ತಿರ ಕೈ ಒಡ್ಡಿದೆ. ಒಲೆಯ ಮುಂದೆ ಕೂತ ಹಾಗೆ ಬಿಸಿ ಬಡಿಯಿತು. ಬಲಗಡೆಯದು ಬರೀ ಬೆಚ್ಚಗಿತ್ತು. ಘಾಟಿ ಇಳಿಯುವಾಗ ಬ್ರೇಕ್ ಕಾಯುವುದು ಸಹಜ. ಹತ್ತುವಾಗ ನಾನು ಬ್ರೇಕ್ ಒತ್ತಿದ್ದೇ ನಾಲ್ಕೈದು ಸಲ. ಮತ್ತೆ ಒಂದೇ ಚಕ್ರ ಅಷ್ಟು ಕಾದದ್ದು ಹೇಗೆ?

ಗ್ಯಾರೇಜಿನವರು ಬಂದು ಜಾಕಿ ಕೊಟ್ಟು ಚಕ್ರ ಎತ್ತಿದರು. ಕೈಯಲ್ಲಿ ತಿರುಗಿಸಿದರೆ ಚಕ್ರ ಅಲುಗಲೇ ಇಲ್ಲ. "ಪಿಸ್ಟನ್ ಜಾಮ್ ಆಗಿದೆ ಸರ್. ಹಿಡ್ಕೊಂಡಿದೆ, ಬಿಡ್ತಾ ಇಲ್ಲ" ಅಂದರು.

ಹಿಡಿದದ್ದು ಬಿಡದಿರುವುದು ಅಂದರೆ ಏನು? ಇದನ್ನು ತಿಳಿಯಲು ಡಿಸ್ಕ್ ಬ್ರೇಕ್ ಹಿಡಿಯುವುದು ಹೇಗೆ, ಬಿಡುವುದು ಹೇಗೆ ಅಂತ ನೋಡಬೇಕು. ಹಿಡಿಯುವ ಕತೆ ಎಲ್ಲರಿಗೂ ಶಾಲೆಯಲ್ಲಿ ಗೊತ್ತಾಗಿರುತ್ತದೆ. ಮುಚ್ಚಿದ ಪಾತ್ರೆಯ ದ್ರವದಲ್ಲಿ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅಂತ 17ನೇ ಶತಮಾನದಲ್ಲಿ ಪ್ಯಾಸ್ಕಲ್ ಹೇಳಿದ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಚಿಕ್ಕ ಪಿಸ್ಟನ್ ಬ್ರೇಕ್ ಆಯಿಲ್ ಅನ್ನು ತಳ್ಳುತ್ತದೆ. ಆ ಒತ್ತಡ ಪೈಪಿನಲ್ಲಿ ಸಾಗಿ ಚಕ್ರದ ಹತ್ತಿರ ಇರುವ ಕ್ಯಾಲಿಪರಿನ ದೊಡ್ಡ ಪಿಸ್ಟನ್ನಿಗೆ ತಲುಪುತ್ತದೆ. ಅದು ಪ್ಯಾಡನ್ನು ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗೆ, ಅಂದರೆ ಡಿಸ್ಕಿಗೆ, ಒತ್ತಿ ಹಿಡಿಯುತ್ತದೆ. ಆ ಪಿಸ್ಟನ್ 50 ಮಿ.ಮೀ. ಅಗಲದ್ದು ಅಂತಿಟ್ಟುಕೊಳ್ಳಿ. ಜೋರಾಗಿ ಬ್ರೇಕ್ ಹಾಕಿದಾಗ ಪೈಪಿನಲ್ಲಿ 70 ಬಾರ್ ಒತ್ತಡ ಎದ್ದರೆ, ಪಿಸ್ಟನ್ನಿನ ಬೆನ್ನಿಗೆ ಸುಮಾರು 1,400 ಕೆ.ಜಿ. ಭಾರ ಬಿದ್ದ ಹಾಗೆ. ಒಂದಿಡೀ ಕಾರನ್ನೇ ಪ್ಯಾಡಿನ ಮೇಲೆ ಇಟ್ಟಂತೆ.

ಇನ್ನು ಬಿಡುವ ಕತೆ. ಪೆಡಲಿನಿಂದ ಕಾಲು ತೆಗೆದಾಗ ಒತ್ತಡ ಇಳಿಯುತ್ತದೆ. ಆದರೆ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವವರು ಯಾರು? ಹಳೆಯ ಡ್ರಮ್ ಬ್ರೇಕಿನಲ್ಲಿ ಗಟ್ಟಿ ಸ್ಪ್ರಿಂಗುಗಳಿರುತ್ತವೆ, ಅವು ಶೂಗಳನ್ನು ಎಳೆದು ವಾಪಸ್ ಕೂರಿಸುತ್ತವೆ. ಕಾರಿನ ಕ್ಯಾಲಿಪರ್ ಬಿಚ್ಚಿ ನೋಡಿ, ಪಿಸ್ಟನ್ ಎಳೆಯುವ ಸ್ಪ್ರಿಂಗ್ ಸಾಮಾನ್ಯವಾಗಿ ಒಂದೂ ಸಿಗುವುದಿಲ್ಲ. ಆ ಕೆಲಸವೆಲ್ಲ ಒಂದು ರಬ್ಬರ್ ಉಂಗುರದ್ದು.

ನನಗೆ ಇಡೀ ಕಾರಿನಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಸೀಲ್ ಅನ್ನುವ ಈ ಉಂಗುರ ಬಳೆಯ ಹಾಗೆ ಪಿಸ್ಟನ್ನನ್ನು ಸುತ್ತಿಕೊಂಡು, ಸಿಲಿಂಡರಿನ ಗೋಡೆಯಲ್ಲಿ ಕೊರೆದ ತೋಡಿನೊಳಗೆ ಕೂತಿರುತ್ತದೆ. ಅಡ್ಡ ಕತ್ತರಿಸಿದರೆ ಅದು ದುಂಡಗಿರುವುದಿಲ್ಲ, ಚೌಕವಾಗಿರುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ಸೀಲಿನ ಒಳ ಅಂಚು ಅದಕ್ಕೆ ಅಂಟಿಕೊಂಡೇ ಮುಂದೆ ಬಾಗುತ್ತದೆ, ಹೊರ ಅಂಚು ತೋಡಿನಲ್ಲೇ ಉಳಿಯುತ್ತದೆ. ಒತ್ತಡ ಇಳಿದ ಕೂಡಲೇ ಬಾಗಿದ ರಬ್ಬರ್ ಮತ್ತೆ ನೆಟ್ಟಗಾಗುತ್ತದೆ. ಆಗ ಪಿಸ್ಟನ್ನನ್ನೂ ತನ್ನ ಜೊತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಷ್ಟು? ಅರ್ಧ ಮಿಲಿಮೀಟರಿಗೂ ಕಮ್ಮಿ. ಪ್ಯಾಡಿನ ಹಿಡಿತ ಬಿಡಲು ಅಷ್ಟೇ ಸಾಕು. ಪ್ಯಾಡ್ ಸವೆದಾಗ ಪಿಸ್ಟನ್ ಇನ್ನೂ ದೂರ ಹೋಗಬೇಕಲ್ವಾ? ಆಗ ರಬ್ಬರ್ ಬಾಗುವಷ್ಟು ಬಾಗಿ, ಮಿಕ್ಕ ದೂರವನ್ನು ಪಿಸ್ಟನ್ ಸೀಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ಸವೆದಷ್ಟೂ ತಾನಾಗಿಯೇ ಹೊಂದಿಕೊಳ್ಳುತ್ತದೆ. ಎಣ್ಣೆ ಸೋರದಂತೆ ತಡೆಯುವುದು, ಪಿಸ್ಟನ್ ಹಿಂದೆ ಎಳೆಯುವುದು, ಸವೆತ ಸರಿದೂಗಿಸುವುದು, ಮೂರನ್ನೂ ಇದೊಂದೇ ಉಂಗುರ ಮಾಡುತ್ತದೆ.

ಆದರೆ ಅದರ ಬಲ ನೋಡಿ. ಮುಂದಕ್ಕೆ ತಳ್ಳಲು ಸಾವಿರಗಟ್ಟಲೆ ಕೆ.ಜಿ., ಹಿಂದಕ್ಕೆ ತರಲು ಬಾಗಿದ ರಬ್ಬರಿನ ಬಿಗಿ ಮಾತ್ರ. ಪಿಸ್ಟನ್ನಿನ ಮೈಮೇಲೆ ಸ್ವಲ್ಪ ತುಕ್ಕು ಕೂತರೂ ಮುಂದೆ ಹೋಗಲು ತೊಂದರೆ ಇಲ್ಲ, ಎಣ್ಣೆಯ ಒತ್ತಡ ಅದನ್ನು ನೂಕಿಬಿಡುತ್ತದೆ. ವಾಪಸ್ ಬರುವಾಗ ಮಾತ್ರ ರಬ್ಬರ್ ಸೋಲುತ್ತದೆ. ಅದಕ್ಕೇ ಪಿಸ್ಟನ್ ಜಾಮ್ ಆಗತೊಡಗಿದ ಕಾರಿನಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿರುತ್ತದೆ. ಓಡಿಸುವವರಿಗೆ ತುಂಬಾ ದಿನ ಗೊತ್ತೇ ಆಗುವುದಿಲ್ಲ.

ತುಕ್ಕು ಹೊರಗಿನಿಂದಲೂ ಬರಬಹುದು, ಒಳಗಿನಿಂದಲೂ ಬರಬಹುದು. ಪಿಸ್ಟನ್ನಿನ ಬಾಯಿಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೂಟ್ ಇರುತ್ತದೆ. ಅದು ಹರಿದರೆ ನೀರು, ಕೆಸರು ಒಳಗೆ ಹೋಗುತ್ತವೆ. ಉಕ್ಕಿನ ಪಿಸ್ಟನ್ನಿಗೆ ಕ್ರೋಮ್ ಲೇಪನ ಇದ್ದರೂ ಒಂದು ಸಣ್ಣ ಗೀರು ಬಿದ್ದ ಕಡೆಯಿಂದ ತುಕ್ಕು ಶುರುವಾಗುತ್ತದೆ. ಒಳಗಿನ ಶತ್ರು ಬ್ರೇಕ್ ಆಯಿಲ್‌ನಲ್ಲೇ ಸೇರಿಕೊಂಡ ನೀರು. ನಾವು ಆಯಿಲ್ ಅಂತ ಕರೆದರೂ ಡಾಟ್ 3, ಡಾಟ್ 4 ಅನ್ನುವ ಈ ದ್ರವಗಳು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯವು. ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ತೇವ ಹೀರುವ ಹಾಗೆ ಇವೂ ಗಾಳಿಯ ತೇವವನ್ನು ಹೀರುತ್ತವೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. 3.7% ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರದ್ದು 230ರಿಂದ 155ಕ್ಕೆ.

ಜಾಮ್ ಆದ ಬ್ರೇಕು ಅಪಾಯ ತರುವುದು ಇಲ್ಲೇ. ಪ್ಯಾಡ್ ಉಜ್ಜುತ್ತಾ ಚಕ್ರವನ್ನು ಬರೀ 10 ಕೆ.ಜಿ. ಭಾರದಷ್ಟು ಹಿಂದಕ್ಕೆ ಜಗ್ಗುತ್ತಿದೆ ಅನ್ನಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದರಿಂದ ಹುಟ್ಟುವ ಶಾಖ ಸುಮಾರು 1,600 ವ್ಯಾಟ್. ಮನೆಯ ಇಸ್ತ್ರಿ ಪೆಟ್ಟಿಗೆ ಸಾಮಾನ್ಯವಾಗಿ 1,000 ವ್ಯಾಟ್‌ನದು. ಅಂದರೆ ಒಂದೂವರೆ ಇಸ್ತ್ರಿ ಪೆಟ್ಟಿಗೆ ಒಂದೇ ಚಕ್ರದೊಳಗೆ ಬಿಡದೆ ಉರಿದ ಲೆಕ್ಕ. ಆ ಬಿಸಿಗೆ ಹಳೆಯ ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಪೆಡಲ್ ತುಳಿದರೆ ಮೆತ್ತಗೆ ನೆಲ ಮುಟ್ಟುತ್ತದೆ. ಘಾಟಿ ಇಳಿಯುವಾಗ ಹಾಗಾಗುವುದನ್ನು ನೆನೆಸಿಕೊಳ್ಳಲೂ ನನಗೆ ಭಯ.

ದಾರಿಯಲ್ಲಿ ಹೀಗಾದರೆ ಮೊದಲು ಗಾಡಿ ನಿಲ್ಲಿಸಿ, ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗಬಹುದು, ಸೀಳಬಹುದು. ಆರಿದ ಮೇಲೂ ಚಕ್ರ ಬಿಡದಿದ್ದರೆ ಆ ಚಕ್ರ ನೆಲಕ್ಕೆ ತಾಗದಂತೆ ಎತ್ತಿ ಕಾರನ್ನು ಸಾಗಿಸಬೇಕು. ಸುಮ್ನೆ "ಊರು ಮುಟ್ಟಿದರೆ ಸಾಕು" ಅಂತ ಓಡಿಸುವುದು ಬೇಡ.

ಗ್ಯಾರೇಜಿನವರು ಮಾಡಿದ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ಲನ್ನು ಸ್ವಲ್ಪ ಸಡಿಲಿಸಿದರು. ಆಯಿಲ್ ಪಿಚಕ್ಕನೆ ಚಿಮ್ಮಿ ಚಕ್ರ ಬಿಟ್ಟುಕೊಂಡಿದ್ದರೆ ತಪ್ಪು ಪಿಸ್ಟನ್ನಿನದಲ್ಲ, ಒತ್ತಡ ವಾಪಸ್ ಹೋಗಲಾರದೆ ಸಿಕ್ಕಿಬಿದ್ದಿದೆ ಅಂತ ಅರ್ಥ. ರಬ್ಬರ್ ಹೋಸ್ ಒಳಗೊಳಗೇ ಊದಿ ಕಟ್ಟಿಕೊಂಡಾಗ ಹಾಗಾಗುತ್ತದೆ. ನನ್ನ ಕಾರಿನಲ್ಲಿ ನಾಲ್ಕು ಹನಿ ತೊಟ್ಟಿಕ್ಕಿತು ಅಷ್ಟೇ, ಚಕ್ರ ಬಿಗಿಯಾಗಿಯೇ ಇತ್ತು. ಕ್ಯಾಲಿಪರ್ ಜಾರುವ ಪಿನ್ನುಗಳೂ ಹಿಡಿದುಕೊಳ್ಳುವುದುಂಟು. ಅವನ್ನು ಎಳೆದು ನೋಡಿದರು, ಸಲೀಸಾಗಿ ಬಂದವು. ಉಳಿದದ್ದು ಪಿಸ್ಟನ್.

ಅದನ್ನು ಹೊರತೆಗೆಯಲು ಅವರು ಕಂಪ್ರೆಸರ್ ಗಾಳಿ ಬಳಸಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬೆರಳು ಜಜ್ಜಿಹೋಗುವುದು ಇಲ್ಲೇ. 6 ಬಾರ್ ಗಾಳಿ ಬಿಟ್ಟರೂ ಅದೇ 50 ಮಿ.ಮೀ. ಪಿಸ್ಟನ್ನಿನ ಮೇಲೆ 120 ಕೆ.ಜಿ. ಬಲ. ತುಕ್ಕು ಬಿಟ್ಟ ಕ್ಷಣ ಒತ್ತಿ ಕೂತ ಗಾಳಿ ಹಿಗ್ಗಿ ಅದನ್ನು ಗುಂಡಿನಂತೆ ಹೊಡೆಯುತ್ತದೆ. ದ್ರವ ಹಾಗೆ ಹಿಗ್ಗುವುದಿಲ್ಲ. ಆದ್ದರಿಂದ ಹೋಸ್ ಬಿಚ್ಚುವ ಮೊದಲೇ ಪ್ಯಾಡ್ ತೆಗೆದು, ಅಲ್ಲಿ ಮರದ ತುಂಡು ಇಟ್ಟು, ಪೆಡಲನ್ನೇ ನಿಧಾನಕ್ಕೆ ಒತ್ತಿ ಪಿಸ್ಟನ್ನನ್ನು ಹೊರಗೆ ತಂದರು. ಬೂಟಿನ ಒಂದು ಮಡಿಕೆ ಹರಿದಿತ್ತು. ಅದರ ನೇರಕ್ಕೆ ಪಿಸ್ಟನ್ನಿನ ಮೇಲೆ ಕಂದು ಬಣ್ಣದ ಪಟ್ಟಿ. ಉಗುರಾಡಿಸಿದರೆ ಗುಂಡಿಗಳು ತಾಗುತ್ತಿದ್ದವು.

ಹಾಗೆ ಗುಂಡಿ ಬಿದ್ದಿದ್ದರೆ ತಿಕ್ಕಿ ಹೊಳಪು ಮಾಡಿ ಹಾಕುವುದರಲ್ಲಿ ಅರ್ಥವಿಲ್ಲ, ಹೊಸ ಪಿಸ್ಟನ್ ಹಾಕಬೇಕು. ಸಿಲಿಂಡರಿನ ಗೋಡೆಯೂ ಹಾಳಾಗಿದ್ದರೆ ಇಡೀ ಕ್ಯಾಲಿಪರ್ ಬದಲಿಸಬೇಕು. ನನ್ನದರ ಗೋಡೆ ಚೆನ್ನಾಗಿತ್ತು. ಸೀಲ್ ಕೂರುವ ತೋಡನ್ನು ಶುಚಿ ಮಾಡಿ, ಹೊಸ ಸೀಲ್, ಬೂಟ್ ಇರುವ ಕಿಟ್ ಹಾಕಿದರು. ಜಾರಲಿ ಅಂತ ಹಚ್ಚಿದ್ದು ಹೊಸ ಬ್ರೇಕ್ ಆಯಿಲ್ ಮಾತ್ರ. ಎಂಜಿನ್ ಆಯಿಲ್ ಅಥವಾ ಮಾಮೂಲಿ ಗ್ರೀಸ್ ತಾಗಿದರೆ ಈ ರಬ್ಬರ್ ಉಬ್ಬಿ ಕೆಡುತ್ತದೆ, ಆಮೇಲೆ ಪಿಸ್ಟನ್ ಮತ್ತೆ ಹಿಡಿದುಕೊಳ್ಳುತ್ತದೆ. ಕಾದು ಗಾಜಿನಂತಾಗಿದ್ದ ಪ್ಯಾಡುಗಳನ್ನು ಎರಡೂ ಮುಂದಿನ ಚಕ್ರಕ್ಕೆ ಬದಲಿಸಿ, ಹಳೆಯ ಆಯಿಲ್ ಪೂರಾ ಚೆಲ್ಲಿ, ಏರ್ ತೆಗೆದರು. ಇದು ಮುಂದಿನ ಬ್ರೇಕಿನ ಮಾತು. ಹಿಂದಿನ ಚಕ್ರಕ್ಕೂ ಡಿಸ್ಕ್ ಇದ್ದು, ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರಿನಲ್ಲಿದ್ದರೆ, ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಸುಮ್ಮನೆ ಒತ್ತಿದರೆ ಒಳಗೆ ಹೋಗುವುದಿಲ್ಲ. ಹಲವು ಕಾರುಗಳಲ್ಲಿ ತಿರುಗಿಸುತ್ತಾ ಒತ್ತಬೇಕು. ಬಲವಂತ ಮಾಡಿದರೆ ಒಳಗಿನ ಸ್ಕ್ರೂ ಮುರಿಯುತ್ತದೆ.

ಈಗ ನಾನು ಮಳೆಗಾಲದಲ್ಲೂ ವಾರಕ್ಕೊಮ್ಮೆ ಕಾರು ತೆಗೆದು, ಒಂದೆರಡು ಕಿ.ಮೀ. ಓಡಿಸಿ, ನಾಲ್ಕು ಸಲ ಬ್ರೇಕ್ ಒತ್ತಿ ತಂದು ನಿಲ್ಲಿಸುತ್ತೇನೆ. ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲು. ಟಯರ್ ಬಿಚ್ಚಿದಾಗೆಲ್ಲ ಟಾರ್ಚ್ ಹಿಡಿದು ಬೂಟಿನ ಮಡಿಕೆಗಳನ್ನು ಒಂದೊಂದಾಗಿ ನೋಡುತ್ತೇನೆ, ಒಳಗಡೆಯ ಪ್ಯಾಡ್ ಹೊರಗಡೆಯದಕ್ಕಿಂತ ಜಾಸ್ತಿ ಸವೆದಿದೆಯೇ ಅಂತಲೂ ನೋಡುತ್ತೇನೆ.