ಕಾರ್ಟಿಕೋಬಲ್ಬರ್ ಟ್ರ್ಯಾಕ್ಟ್: ಹಣೆಯ ಗೆರೆ ಹೇಳುವ ಗುಟ್ಟು

ಒಂದು ಬೆಳಿಗ್ಗೆ ನಮ್ಮ ಚಿಕ್ಕಪ್ಪ ಬಾಯಿ ಮುಕ್ಕಳಿಸುತ್ತಿದ್ದರು. ನೀರು ಎಡಗಡೆ ಮೂಲೆಯಿಂದ ಸೋರಿ ಬನಿಯನ್ ಮೇಲೆ ಬಿತ್ತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ವಾಲಿದೆ. ಲಕ್ವ ಹೊಡೆದಿದೆ ಅಂತ ಮನೆಯವರೆಲ್ಲ ಗಾಬರಿಬಿದ್ದರು. ಡಾಕ್ಟರ್ ಕೈಕಾಲು, ಮಾತು ಎಲ್ಲ ನೋಡಿ ಆಮೇಲೆ "ಹುಬ್ಬು ಮೇಲೆತ್ತಿ" ಅಂದರು. ಹಣೆಯ ಬಲಭಾಗದಲ್ಲಿ ಮೂರು ಗೆರೆ ಮೂಡಿದವು, ಎಡಭಾಗ ಇಸ್ತ್ರಿ ಹಾಕಿದ ಹಾಗೆ ನುಣ್ಣಗೇ ಇತ್ತು. "ಮೆದುಳಿಗೆ ಏನೂ ಆಗಿಲ್ಲ, ಮುಖದ ನರ ಕೈಕೊಟ್ಟಿದೆ" ಅಂದರು. ಇದಕ್ಕೆ ಬೆಲ್ಸ್ ಪಾಲ್ಸಿ ಅಂತಾರೆ.

ಬರೀ ಹಣೆ ನೋಡಿ ಇಷ್ಟು ಹೇಳೋಕೆ ಆಗೋದು ಕಾರ್ಟಿಕೋಬಲ್ಬರ್ ಟ್ರ್ಯಾಕ್ಟ್ ಅನ್ನೋ ನರತಂತುಗಳ ದಾರಿಯಿಂದ. ಕಾರ್ಟಿಕೋ ಅಂದರೆ ಕಾರ್ಟೆಕ್ಸ್, ಮೆದುಳಿನ ಮೇಲ್ಪದರ. ಬಲ್ಬ್ ಅಂದರೆ ಲೈಟಿನ ಬಲ್ಬ್ ಅಲ್ಲ, ಈರುಳ್ಳಿ ಥರದ ಗೆಡ್ಡೆ. ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳುಕಾಂಡದ ಕೆಳಭಾಗ, ಅಂದರೆ ಮೆಡುಲ್ಲಾ, ಗೆಡ್ಡೆಯ ಹಾಗೆ ಉಬ್ಬಿಕೊಂಡಿರುವುದರಿಂದ ಹಳಬರು ಅದನ್ನು ಬಲ್ಬ್ ಅಂತ ಕರೆದರು. ಆದರೆ ಈ ದಾರಿ ಅಲ್ಲಿಗೆ ಮಾತ್ರ ಹೋಗಲ್ಲ, ಮೆದುಳುಕಾಂಡದ ಉದ್ದಕ್ಕೂ ಇರುವ ನರಕೇಂದ್ರಗಳಿಗೆ ಹೋಗುತ್ತದೆ. ಈ ಕೇಂದ್ರಕ್ಕೆ ನ್ಯೂಕ್ಲಿಯಸ್ ಅಂತಾರೆ, ಹಾಗಾಗಿ ಕಾರ್ಟಿಕೋನ್ಯೂಕ್ಲಿಯರ್ ಅನ್ನೋ ಹೆಸರೇ ಸರಿ ಅಂತ ನನಗನ್ನಿಸುತ್ತದೆ.

ತಲೆಯಿಂದ ಹೊರಡುವ ನರಗಳು 12 ಜೊತೆ. ಅದರಲ್ಲಿ ಅಗಿಯೋದು 5ನೆಯದರ ಕೆಲಸ, ಮುಖ 7ನೆಯದು, ಗಂಟಲು ಮತ್ತು ದನಿ 9, 10, ಕತ್ತು ಮತ್ತು ಭುಜ 11, ನಾಲಿಗೆ 12. ಮೆದುಳಿನಿಂದ ಇವುಗಳ ಕೇಂದ್ರಕ್ಕೆ ಬರುವ ಮೇಲಿನ ಲೈನ್ ಈ ಟ್ರ್ಯಾಕ್ಟ್. ಕೇಂದ್ರದಿಂದ ಸ್ನಾಯುವಿಗೆ ಹೋಗುವ ಕೆಳಗಿನ ಲೈನೇ ನರ. ಕಣ್ಣುಗುಡ್ಡೆ ತಿರುಗಿಸುವ 3, 4, 6ಕ್ಕೆ ಬೇರೆ ದಾರಿ ಇದೆ.

ನಮ್ಮ ಹೊಲದ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಲೆಕ್ಕದಲ್ಲಿ ಹೇಳ್ತೀನಿ. ಕೇಂದ್ರ ಅನ್ನೋದು ಟಿಸಿ. ಹಣೆಯ ಟಿಸಿಗೆ ಮೆದುಳಿನ ಎಡ, ಬಲ ಎರಡೂ ಕಡೆಯಿಂದ ಲೈನ್ ಬರುತ್ತದೆ, ಒಂದು ಹೋದರೂ ಇನ್ನೊಂದು ನಡೆಸುತ್ತದೆ. ಬಾಯಿಯ ಮೂಲೆಗೆ ಮಾತ್ರ ಹೆಚ್ಚುಕಮ್ಮಿ ಒಂದೇ ಲೈನ್, ಅದೂ ಎದುರು ಬದಿಯಿಂದ. ಹಾಗಾಗಿ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆದರೆ ಬಾಯಿಯ ಎಡ ಮೂಲೆ ಜೋತುಬೀಳುತ್ತದೆ, ಆದರೆ ಹಣೆಯಲ್ಲಿ ಎರಡೂ ಕಡೆ ಗೆರೆ ಮೂಡುತ್ತದೆ. ಟಿಸಿಯಿಂದ ಆಚೆಗಿನ ನರವೇ ಕೆಟ್ಟರೆ ಹಣೆಯೂ ಹೋಗುತ್ತದೆ, ಕಣ್ಣು ಮುಚ್ಚೋಕೂ ಆಗಲ್ಲ. ಹಾಗಂತ ಮನೆಯಲ್ಲಿ ಹುಬ್ಬು ಎತ್ತಿಸಿ ನೋಡುತ್ತಾ ಕೂರಬೇಡಿ. ಬಾಯಿ ಸೊಟ್ಟಗಾದ ತಕ್ಷಣ ಆಸ್ಪತ್ರೆಗೆ ಓಡಿ, ಸ್ಟ್ರೋಕ್ ಆಗಿದ್ದರೆ ಹೆಪ್ಪು ಕರಗಿಸುವ ಔಷಧಿಗೆ ಸುಮಾರು ನಾಲ್ಕೂವರೆ ಗಂಟೆಯೊಳಗಿನ ಸಮಯ ಅಷ್ಟೇ.

ಗಂಟಲಿಗೂ ಎರಡೆರಡು ಲೈನ್ ಇದೆ. ಎರಡೂ ಕಡೆ ಕೆಟ್ಟಾಗ ಮಾತ್ರ ನಿಜವಾದ ಕಷ್ಟ. ನುಂಗಿದ್ದು ನೆತ್ತಿಗೇರುತ್ತದೆ, ನಾಲಿಗೆ ಬಿಗಿಯುತ್ತದೆ, ಮಾತು ತೊದಲುತ್ತದೆ. ಇದು ಸ್ಯೂಡೋಬಲ್ಬರ್ ಪಾಲ್ಸಿ. ಕೆಲವರು ಕಾರಣವೇ ಇಲ್ಲದೆ ಅಳುತ್ತಾರೆ, ನಗುತ್ತಾರೆ. ಮನೆಯವರು ಅದನ್ನು ಹುಚ್ಚು ಅಂದುಕೊಳ್ಳುತ್ತಾರೆ, ಪಾಪ.

ಇನ್ನೊಂದು ವಿಚಿತ್ರ ಇದೆ. ಈ ಟ್ರ್ಯಾಕ್ಟ್ ಬೇಕಂತ ಮಾಡುವ ಚಲನೆಗೆ, ತಾನಾಗಿ ಬರುವ ನಗುವಿಗೆ ದಾರಿ ಬೇರೆ. ಸ್ಟ್ರೋಕ್ ಆದ ಕೆಲವರಿಗೆ ಫೋಟೋಗೆ "ಸ್ಮೈಲ್ ಮಾಡಿ" ಅಂದರೆ ಅರ್ಧ ಬಾಯಿ ಏಳಲ್ಲ. ಮೊಮ್ಮಗು ಕನ್ನಡಕ ಕಿತ್ತು ತಲೆಕೆಳಗಾಗಿ ಹಾಕಿಕೊಂಡಿತು ಅನ್ನಿ, ಎರಡೂ ಮೂಲೆ ಒಟ್ಟಿಗೇ ಮೇಲೇಳುತ್ತವೆ.