ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟ ಕೂಡಲೇ ಎಲ್‌ಡಿಎಲ್ ಏರುವುದು ಯಾಕೆ?

ಉಡುಪಿಯ ನನ್ನ ಕ್ಲಿನಿಕ್‌ಗೆ ಕಳೆದ ವಾರ ಕಾಪು ಕಡೆಯ ಒಬ್ಬರು ಬಂದಿದ್ದರು. ವಯಸ್ಸು 41. ರಿಪೋರ್ಟ್‌ನಲ್ಲಿ ಎಲ್‌ಡಿಎಲ್, ಅಂದರೆ 'ಕೆಟ್ಟ ಕೊಲೆಸ್ಟ್ರಾಲ್', 230. "ಡಾಕ್ಟ್ರೇ, ನಾಲ್ಕು ತಿಂಗಳ ಹಿಂದೆ 112 ಇತ್ತಲ್ವಾ? ನಾರ್ಮಲ್ ಆಯ್ತು ಅಂತ ಮಾತ್ರೆ ಬಿಟ್ಟೆ. ಎಣ್ಣೆ ತಿಂಡಿ ಮುಟ್ಟುದೇ ಇಲ್ಲ. ಮತ್ತೆ ಎಂತಕ್ಕೆ ಏರಿದ್ದು?"

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಾತ್ರೆ ಕೊಡುವಾಗಲೇ ನಾವು ಸರಿಯಾಗಿ ವಿವರಿಸಬೇಕಿತ್ತು.

ಕೊಲೆಸ್ಟ್ರಾಲ್ ಜಿಡ್ಡು. ರಕ್ತದಲ್ಲಿ ಜಾಸ್ತಿ ಇರುವುದು ನೀರು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲಿದ ಹಾಗೆ, ಎರಡೂ ಬೆರೆಯುವುದಿಲ್ಲ. ಅದಕ್ಕೇ ದೇಹ ಅದನ್ನು ಉಂಡೆ ಕಟ್ಟಿ ಸಾಗಿಸುತ್ತದೆ. ಅಂಥ ಒಂದು ಉಂಡೆಯೇ ಎಲ್‌ಡಿಎಲ್. ಅಡ್ಡಳತೆ ಸುಮಾರು 22 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಅಗಲಕ್ಕೆ ಮುನ್ನೂರಕ್ಕೂ ಹೆಚ್ಚು ಉಂಡೆಗಳನ್ನು ಸಾಲಾಗಿ ಇಡಬಹುದು. ನಡುವೆ ಸುಮಾರು 1,500 ಕೊಲೆಸ್ಟ್ರಾಲ್ ಎಸ್ಟರ್ (ಕೊಬ್ಬಿನಾಮ್ಲ ಅಂಟಿದ ಕೊಲೆಸ್ಟ್ರಾಲ್) ಅಣುಗಳು, ಸ್ವಲ್ಪ ಟ್ರೈಗ್ಲಿಸರೈಡ್ ಎಂಬ ಕೊಬ್ಬು. ಹೊರಗೆ ಫಾಸ್ಫೊಲಿಪಿಡ್‌ಗಳ ಒಂದೇ ಪದರ. ಅವುಗಳ ಜಿಡ್ಡಿನ ಬಾಲ ಒಳಕ್ಕೆ, ನೀರಿಗೆ ಹೊಂದುವ ತಲೆ ಹೊರಕ್ಕೆ. ಇಷ್ಟನ್ನೂ ಸುತ್ತಿ ಹಿಡಿದಿರುವುದು ಅಪೊ-ಬಿ 100 ಎಂಬ ಪ್ರೋಟೀನ್. ಒಂದು ಉಂಡೆಗೆ ಒಂದೇ. 4,536 ಅಮೈನೊ ಆಮ್ಲಗಳ ಉದ್ದದ ಸರಪಳಿ ಅದು.

ಲಿವರ್‌ನ ಕೋಶಗಳ ಮೇಲೆ ಕೊಕ್ಕೆಗಳ ಹಾಗಿರುವ ರಿಸೆಪ್ಟರ್ ಎಂಬ ಪ್ರೋಟೀನ್‌ಗಳು ಗುರುತು ಹಿಡಿಯುವುದು ಈ ಅಪೊ-ಬಿಯನ್ನೇ. ಹಿಡಿದು, ಉಂಡೆಯನ್ನು ಒಳಗೆಳೆದುಕೊಳ್ಳುತ್ತವೆ; ಒಳಗೆ ಲಿವರ್ ಅದನ್ನು ಬಿಡಿಸುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ರಿಸೆಪ್ಟರ್ ಕಡಿಮೆಯಾದರೆ ಉಂಡೆಗಳು ರಕ್ತದಲ್ಲೇ ಸುತ್ತುತ್ತವೆ. ರಕ್ತನಾಳದ ಗೋಡೆಯೊಳಗೆ ನುಸುಳಿ ಸಿಕ್ಕಿಕೊಳ್ಳುತ್ತವೆ. ಅವನ್ನು ನುಂಗಿದ ಬಿಳಿ ರಕ್ತಕಣಗಳು ಉಬ್ಬಿ ಅಲ್ಲೇ ಉಳಿಯುತ್ತವೆ. ನೋವಿಲ್ಲ, ಸುಸ್ತಿಲ್ಲ. ಹೀಗೇ ಇಪ್ಪತ್ತು ಮೂವತ್ತು ವರ್ಷ.

ಇವರು ಬಿಟ್ಟಿದ್ದ ಸ್ಟ್ಯಾಟಿನ್ ಮಾತ್ರೆ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸುತ್ತದೆ. ಕೊರತೆ ಬಿದ್ದ ಲಿವರ್ ಹೆಚ್ಚು ರಿಸೆಪ್ಟರ್ ಮಾಡಿಕೊಂಡು ರಕ್ತದಿಂದ ಎಳೆದುಕೊಳ್ಳುತ್ತದೆ. 112 ಬಂದದ್ದು ಮಾತ್ರೆ ಇದ್ದದ್ದರಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮೊದಲಿನ ಹಾಗೆ.

ಊಟದ ಪಾಲೂ ಇದೆ. ತೆಂಗಿನೆಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಅನ್ನುವುದು ನಿಜ. ಆದರೆ ಅದರ ಸುಮಾರು ಶೇ. 90 ಭಾಗ ಸ್ಯಾಚುರೇಟೆಡ್ ಕೊಬ್ಬು, ಅದು ಎಲ್‌ಡಿಎಲ್ ಏರಿಸುತ್ತದೆ. ಬಂಗುಡೆ ತಿನ್ನಿ, ಆದರೆ ಕಾವಲಿಗೆ ಎಣ್ಣೆ ಸುರಿಯಬೇಡಿ.

ಇವರದ್ದು ಮಾತ್ರ ಬರೀ ಊಟದ ವಿಷಯ ಅನ್ನಿಸಲಿಲ್ಲ. ಚಪ್ಪಲಿ ಬಿಚ್ಚಿಸಿ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು (ಟೆಂಡನ್) ಮುಟ್ಟಿ ನೋಡಿದೆ. ಬೆರಳಿಗೆ ಗಟ್ಟಿ ಗಂಟುಗಳು ಸಿಕ್ಕವು. ಕೊಲೆಸ್ಟ್ರಾಲ್ ಅಲ್ಲೂ ಕೂತಿತ್ತು. ತಂದೆ 46ಕ್ಕೇ ಹಾರ್ಟ್ ಅಟ್ಯಾಕ್‌ನಿಂದ ಹೋದರಂತೆ. ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವ ಈ ವಂಶದ ತೊಂದರೆ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಮನೆಯಲ್ಲಿ ಇಬ್ಬರು ಮಕ್ಕಳು, ದೊಡ್ಡವನಿಗೆ 12. ಶನಿವಾರ ಇಬ್ಬರನ್ನೂ ರಕ್ತಪರೀಕ್ಷೆಗೆ ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ.